ಗಣಿತವಿಲಾಸ ರಾಜಾದಿತ್ಯ: ಬದುಕು, ಕಾಲ ಮತ್ತು ಕನ್ನಡದ ಲೆಕ್ಕ

ಪ್ರಾಚೀನ ಕನ್ನಡ ಸಾಹಿತ್ಯವೆಂದೊಡನೆ ಪುರಾಣ, ಚಂಪೂಕಾವ್ಯ, ವಚನ, ಷಟ್ಪದಿಗಳು ನೆನಪಿಗೆ ಬರುತ್ತವೆ. ಶಾಸ್ತ್ರಗ್ರಂಥಗಳ ಪ್ರಸ್ತಾಪ ಸಾಹಿತ್ಯ ಚರಿತ್ರೆಗಳಲ್ಲಿ ಬರುವುದು ಪ್ರಾಯಃ ಅಧ್ಯಾಯದ ಕೊನೆಯಲ್ಲಿ, ಒಂದೆರಡು ವಾಕ್ಯಗಳಲ್ಲಿ. ಹನ್ನೆರಡನೆಯ ಶತಮಾನದ ರಾಜಾದಿತ್ಯನಿಗೆ ದೊರೆತಿರುವ ಸ್ಥಾನವೂ ಇಷ್ಟೇ. ಕನ್ನಡದಲ್ಲಿ ಇಂದು ಉಪಲಬ್ಧವಿರುವ ಗಣಿತಗ್ರಂಥಗಳಲ್ಲಿ ಆತನವೇ ಮೊದಲಿನವು ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಆ ಮೊದಲತನದ ಅರ್ಥವೇನು ಎಂಬುದರ ವಿಚಾರ ವಿರಳ. ರಾಜಾದಿತ್ಯನ ಬದುಕಿನ ಬಗ್ಗೆ ತಿಳಿಯುವುದೆಲ್ಲ ಆತನ ಕೃತಿಗಳಲ್ಲಿರುವ ಆತ್ಮಪರಿಚಯದ ಕೆಲವು ಸಂಗತಿಗಳಿಂದ. ಅವನ್ನು ಆತನ ನಾಡು, ಕಾಲ ಹಾಗೂ ಕೃತಿಗಳ ಸ್ವರೂಪದೊಡನೆ ಹೊಂದಿಸಿ ನೋಡಿದಾಗ ಆಸ್ಥಾನದ ಪಂಡಿತನಿಗಿಂತ ಮಿಗಿಲಾಗಿ ಒಬ್ಬ ಉಪಾಧ್ಯಾಯನ ಚಿತ್ರ ಮೂಡುತ್ತದೆ. ಅಕ್ಷರವನ್ನೂ ಅಂಕಿಯನ್ನೂ ಬಲ್ಲ, ಸಂಸ್ಕೃತವನ್ನು ಅರಿಯದ ಓದುಗನಿಗೆ ಗಣಿತದ ಶಾಖೆಗಳನ್ನು ಒಂದೊಂದಾಗಿ ಪರಿಚಯಿಸಿದ ಉಪಾಧ್ಯಾಯ ಆತ.

೧. ಊರು ಮತ್ತು ಮನೆತನ

ರಾಜಾದಿತ್ಯನ ಊರು ಪೂವಿನಬಾಗೆ. ಅದು ಕೂಂಡಿ ಮಂಡಲದಲ್ಲಿತ್ತು. ಕೂಂಡಿ ಮೂರುಸಾವಿರ ನಾಡು ಸವದತ್ತಿಯ ರಟ್ಟರ ಆಳ್ವಿಕೆಗೆ ಒಳಪಟ್ಟಿದ್ದ ಪ್ರದೇಶ. ರಟ್ಟರು ಕಲ್ಯಾಣ ಚಾಲುಕ್ಯರ ಮಾಂಡಲಿಕರಾಗಿದ್ದು ಮುಂದೆ ವೇಣುಗ್ರಾಮವನ್ನು, ಅಂದರೆ ಇಂದಿನ ಬೆಳಗಾವಿಯನ್ನು ರಾಜಧಾನಿ ಮಾಡಿಕೊಂಡರು. ಪಕಾರವು ಹಕಾರವಾಗಿ ಪೂವಿನಬಾಗೆಯು ಹೂವಿನಬಾಗೆಯಾಯಿತು. ಈ ಊರನ್ನು ವಿದ್ವಾಂಸರು ಬೆಳಗಾವಿ ಜಿಲ್ಲೆಯ ರಾಯಬಾಗವೆಂದು ಗುರುತಿಸಿದ್ದಾರೆ.

ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡಗಳನ್ನು ಒಳಗೊಂಡ ಈ ಭಾಗ ಕೃಷ್ಣೆ ಮತ್ತು ಅದರ ಉಪನದಿಗಳ ಕಪ್ಪು ಮಣ್ಣಿನ ಬಯಲು. ಜೈನ ಒಕ್ಕಲು ಮನೆತನಗಳು ಇಲ್ಲಿ ಇಂದಿಗೂ ಹೆಚ್ಚಿನ ಸಂಖ್ಯೆಯಲ್ಲಿವೆ. ನಿಪ್ಪಾಣಿಯ ಸಮೀಪದ ಸ್ತವನಿಧಿ ಜೈನರ ಪ್ರಸಿದ್ಧ ಕ್ಷೇತ್ರ. ಕನ್ನಡ ಮರಾಠಿಗಳೆರಡೂ ಬಳಕೆಯಲ್ಲಿರುವ ಗಡಿನಾಡೆಂದು ಇದನ್ನು ಇಂದು ಕರೆಯಲಾಗುತ್ತದೆ. ಆದರೆ ಕವಿರಾಜಮಾರ್ಗವು ತಿರುಳ್ಗನ್ನಡದ ಎಲ್ಲೆಯೊಳಗೆ ಎಣಿಸಿರುವ ಒಕ್ಕುಂದವೂ ಬೆಳಗಾವಿ ಜಿಲ್ಲೆಗೇ ಸೇರಿದೆ ಎಂಬುದನ್ನು ಮರೆಯುವಂತಿಲ್ಲ. ಕನ್ನಡದ ಮೊದಲ ಗಣಿತಕಾರ ಈ ನಾಡಿನವನೆಂಬುದು ಅದಕ್ಕೆ ಸೇರಬೇಕಾದ ಮತ್ತೊಂದು ಸಂಗತಿ.

ಆತನ ತಂದೆ ಶ್ರೀಪತಿ, ತಾಯಿ ವಸಂತೆ, ಮಡದಿ ಕನಕಮಾಲೆ. ಧರ್ಮದಿಂದ ಜೈನ. ಗುರು ಶುಭಚಂದ್ರ. ರಾಜವರ್ಮ, ಭಾಸ್ಕರ, ಬಾಚಯ್ಯ, ಬಾಚಿರಾಜ ಎಂಬ ಹೆಸರುಗಳೂ ಆತನಿಗಿದ್ದವು. ಆದಿತ್ಯ, ಭಾಸ್ಕರ ಎಂಬ ಸಂಸ್ಕೃತ ನಾಮಗಳೂ ಬಾಚಯ್ಯನೆಂಬ ದೇಶ್ಯ ನಾಮವೂ ಒಬ್ಬನಿಗೇ ಸಲ್ಲುತ್ತಿದ್ದುದು ಕುತೂಹಲಕರ. ಶಾಸ್ತ್ರದ ಮಾತನ್ನು ಮನೆಮಾತಿಗೆ ತಂದವನಿಗೆ ಈ ಎರಡು ಬಗೆಯ ಹೆಸರುಗಳೂ ಒಪ್ಪುತ್ತವೆ. ಗಣಿತವಿಲಾಸ, ಓಜೆಬೆಡಂಗ, ಪದ್ಯವಿದ್ಯಾಧರ ಎಂಬುವು ಆತನ ಬಿರುದುಗಳು. ಗಣಿತದ ಬಿರುದಿನ ಜೊತೆಗೆ ಪದ್ಯದ ಬಿರುದೂ ಇರುವುದನ್ನು ಗಮನಿಸಬೇಕು. ಕಂಠಪಾಠವೇ ಕಲಿಕೆಯ ಮುಖ್ಯ ಸಾಧನವಾಗಿದ್ದ ಕಾಲದಲ್ಲಿ ಲೆಕ್ಕದ ಸೂತ್ರವನ್ನು ನಾಲಗೆಯ ಮೇಲೆ ನಿಲ್ಲಿಸುತ್ತಿದ್ದುದು ಛಂದಸ್ಸು.

೨. ಕಾಲವಿಚಾರ

ರಾಜಾದಿತ್ಯನ ಕಾಲದ ಬಗ್ಗೆ ಎರಡು ಅಭಿಪ್ರಾಯಗಳಿವೆ. ಆತನು ವಿಷ್ಣು ಎಂಬ ಹೆಸರಿನ ಅರಸನ ಆಶ್ರಯದಲ್ಲಿದ್ದನೆಂಬುದನ್ನೂ ಶುಭಚಂದ್ರನ ಶಿಷ್ಯನೆಂಬುದನ್ನೂ ಆಧರಿಸಿ ಸುಮಾರು ೧೧೨೦ ಎಂದು ಹೇಳುವುದು ಒಂದು. ಅರಸನನ್ನು ಹೊಯ್ಸಳ ವಿಷ್ಣುವರ್ಧನನೆಂದೂ, ಗುರುವನ್ನು ೧೧೨೩ರಲ್ಲಿ ಶ್ರವಣಬೆಳಗೊಳದಲ್ಲಿ ದೇಹತ್ಯಾಗ ಮಾಡಿದ, ಗಂಗರಾಜನ ಗುರುವಾಗಿದ್ದ ಶುಭಚಂದ್ರ ಸಿದ್ಧಾಂತದೇವನೆಂದೂ ಹಿಡಿದರೆ ಈ ಕಾಲ ಹೊಂದುತ್ತದೆ. ವೀರಬಲ್ಲಾಳನ ಆಳ್ವಿಕೆಗೆ ಸಮೀಪವಾಗಿ ಸುಮಾರು ೧೧೯೦ ಎಂದು ಹೇಳುವುದು ಇನ್ನೊಂದು. ಶುಭಚಂದ್ರನೆಂಬ ಹೆಸರು ಒಬ್ಬನಿಗೇ ಸಲ್ಲುವುದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ರಟ್ಟರ ನಾಲ್ವಡಿ ಕಾರ್ತವೀರ್ಯನ ಕಾಲಕ್ಕೆ ಸೇರಿದ, ಬೆಳಗಾವಿಯ ರಟ್ಟಜಿನಾಲಯಕ್ಕೆ ಸಂಬಂಧಿಸಿದ ೧೨೦೪ರ ಶಾಸನಗಳಲ್ಲಿಯೂ ಶುಭಚಂದ್ರ ಭಟ್ಟಾರಕನೊಬ್ಬನಿದ್ದಾನೆ. ಕೂಂಡಿ ನಾಡಿನ ಕವಿಗೆ ಕೂಂಡಿ ನಾಡಿನ ಗುರು ದೊರೆತಿರುವುದು ಅಸಂಭವವಲ್ಲ. ಗುರುವಿನ ಹೆಸರೊಂದರಿಂದಲೇ ಕಾಲವನ್ನು ನಿರ್ಣಯಿಸಲಾಗದೆಂಬುದಕ್ಕೆ ಇಷ್ಟು ಸಾಕು.

ಈ ಎಪ್ಪತ್ತು ವರ್ಷಗಳ ಅಂತರ ಅಲಕ್ಷಿಸುವಷ್ಟು ಸಣ್ಣದಲ್ಲ. ರಾಜಾದಿತ್ಯನ ಕೃತಿಗಳಲ್ಲೊಂದರ ಹೆಸರು ಲೀಲಾವತಿ. ಎರಡನೆಯ ಭಾಸ್ಕರಾಚಾರ್ಯನ ಸಿದ್ಧಾಂತಶಿರೋಮಣಿ ರಚಿತವಾದುದು ೧೧೫೦ರಲ್ಲಿ. ಅದರ ಲೀಲಾವತೀ ಭಾಗ ಭಾರತದಾದ್ಯಂತ ಪಾಠಗ್ರಂಥವಾಯಿತು. ರಾಜಾದಿತ್ಯನು ೧೧೨೦ರ ಸುಮಾರಿನವನಾದರೆ ಆ ಹೆಸರಿನ ಗಣಿತಗ್ರಂಥ ಕನ್ನಡದಲ್ಲಿ ಮೊದಲೇ ಇತ್ತೆಂದಾಗುತ್ತದೆ. ೧೧೯೦ರ ಸುಮಾರಿನವನಾದರೆ ಸಂಸ್ಕೃತದ ಹೊಸ ಗ್ರಂಥದ ಕೀರ್ತಿ ನಾಲ್ಕು ದಶಕಗಳೊಳಗೆ ಕನ್ನಡವನ್ನು ತಲಪಿತ್ತೆಂದು ಊಹಿಸಲು ಅವಕಾಶವಾಗುತ್ತದೆ. ಎರಡು ಪಕ್ಷಗಳಲ್ಲಿಯೂ ಕನ್ನಡ ಗಣಿತವು ತನ್ನ ಕಾಲದ ವಿದ್ಯಾಪ್ರಪಂಚದೊಡನೆ ಹೆಜ್ಜೆಹಾಕುತ್ತಿತ್ತು ಎಂಬ ತೀರ್ಮಾನ ಉಳಿಯುತ್ತದೆ. ಕೃತಿನಾಮ ಒಂದೇ ಆದ ಮಾತ್ರಕ್ಕೆ ಒಬ್ಬರಿಂದ ಇನ್ನೊಬ್ಬರು ಪಡೆದರೆಂದು ಹೇಳುವುದು ಸಾಧುವಲ್ಲ.

೩. ಆತನಿಗೆ ದೊರೆತ ಪರಂಪರೆ

ಕನ್ನಡ ನಾಡಿನಲ್ಲಿ ಗಣಿತವು ರಾಜಾದಿತ್ಯನಿಗೆ ಮುನ್ನವೇ ಪ್ರೌಢವಾಗಿತ್ತು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. ೮೫೦ರ ಸುಮಾರಿನಲ್ಲಿ, ಜೈನಾಚಾರ್ಯ ಮಹಾವೀರನು ಗಣಿತಸಾರಸಂಗ್ರಹವನ್ನು ಬರೆದನು. ಜ್ಯೋತಿಷದ ಅಂಗವಾಗಿ ನಿಲ್ಲದೆ ಗಣಿತವೇ ಸ್ವತಂತ್ರ ವಿಷಯವಾಗಿರುವ ಈ ಗ್ರಂಥದಲ್ಲಿ ಒಂಬತ್ತು ಅಧ್ಯಾಯಗಳಿವೆ. ಪರಿಭಾಷೆ, ಪರಿಕರ್ಮ, ಭಿನ್ನರಾಶಿ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರ, ಖಾತ, ಛಾಯೆ ಎಂಬ ಕ್ರಮದಲ್ಲಿ ವಿಷಯ ಬೆಳೆಯುತ್ತದೆ. ಋಣರಾಶಿಯು ಸ್ವಭಾವತಃ ವರ್ಗವಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂಬುದನ್ನು ಗುರುತಿಸಿದವನು ಮಹಾವೀರ. ಶೂನ್ಯದಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದು ಎಡವಿದವನೂ ಅವನೇ.

ಅದೇ ಆಸ್ಥಾನದಲ್ಲಿ ಕಾವ್ಯಲಕ್ಷಣವು ಕವಿರಾಜಮಾರ್ಗವಾಗಿ ಕನ್ನಡಕ್ಕೆ ಬಂದಿತು. ಗಣಿತವು ಸಂಸ್ಕೃತದಲ್ಲಿಯೇ ಉಳಿಯಿತು. ಗಣಿತಸಾರಸಂಗ್ರಹವನ್ನು ಪಾವುಲೂರಿ ಮಲ್ಲನ ತೆಲುಗಿಗೆ ತಂದನು. ಕನ್ನಡದಲ್ಲಿ ಈ ನಡುವೆ ಇತರ ಶಾಸ್ತ್ರಗಳು ಒಂದೊಂದಾಗಿ ದೇಶಭಾಷೆಯ ಉಡುಗೆ ತೊಟ್ಟವು. ನಾಗವರ್ಮನ ಛಂದೋಂಬುಧಿ, ಚಾವುಂಡರಾಯನ ಲೋಕೋಪಕಾರ, ೧೦೪೯ರ ಶ್ರೀಧರಾಚಾರ್ಯನ ಜಾತಕತಿಲಕ, ಕೀರ್ತಿವರ್ಮನ ಗೋವೈದ್ಯ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ ಈ ಸಾಲಿನವು. ಇವರಲ್ಲಿ ಹಲವರು ಜೈನರು. ರಾಜಾದಿತ್ಯನು ಸೇರುವುದು ಈ ಪರಂಪರೆಗೆ. ಆತ ಕೈಗೆತ್ತಿಕೊಂಡ ವಿಷಯಕ್ಕೆ ಮಾತ್ರ ಒಂದು ವಿಶೇಷವಿದೆ. ವೈದ್ಯ, ಜ್ಯೋತಿಷಗಳಿಗೆ ವೃತ್ತಿನಿರತರಿದ್ದಾರೆ. ಲೆಕ್ಕವಾದರೋ ಕೊಳ್ಳುವ, ಮಾರುವ, ಸಾಲ ಪಡೆಯುವ, ಕಂದಾಯ ತೆರುವ ಪ್ರತಿಯೊಬ್ಬನಿಗೂ ಬೇಕು.

೪. ಕೃತಿಗಳು ಮತ್ತು ಬೋಧನಾಕ್ರಮ

ವ್ಯವಹಾರಗಣಿತ, ಕ್ಷೇತ್ರಗಣಿತ, ವ್ಯವಹಾರರತ್ನ, ಲೀಲಾವತಿ, ಚಿತ್ರಹಸುಗೆ, ಜೈನಗಣಿತಸೂತ್ರಟೀಕೋದಾಹರಣ ಎಂಬ ಆರು ಕೃತಿಗಳು ರಾಜಾದಿತ್ಯನ ಹೆಸರಿನಲ್ಲಿವೆ. ಹೆಸರುಗಳೇ ಆತನ ಯೋಜನೆಯನ್ನು ಸೂಚಿಸುತ್ತವೆ. ಇಡೀ ಗಣಿತವನ್ನು ಒಂದೇ ಮಹಾಗ್ರಂಥದಲ್ಲಿ ಅಡಕಗೊಳಿಸುವ ಬದಲು ಶಾಖೆಗೊಂದು ಪುಸ್ತಕವೆಂಬಂತೆ ಆತ ಬರೆದಿದ್ದಾನೆ. ವ್ಯಾಪಾರಿಗೆ ಬೇಕಾದುದು ಒಂದೆಡೆ, ಭೂಮಿಯನ್ನು ಅಳೆಯುವವನಿಗೆ ಬೇಕಾದುದು ಇನ್ನೊಂದೆಡೆ. ಜೈನಗಣಿತಸೂತ್ರಟೀಕೋದಾಹರಣ ಎಂಬ ಹೆಸರಿನಲ್ಲಿ ಆತನ ಬೋಧನಾಕ್ರಮವೇ ಅಡಗಿದೆ: ಮೊದಲು ಸೂತ್ರ, ಬಳಿಕ ಅದರ ಅರ್ಥವನ್ನು ಬಿಡಿಸುವ ಟೀಕೆ, ಕೊನೆಗೆ ಮಾಡಿ ತೋರಿಸುವ ಉದಾಹರಣೆ. ಗದ್ಯಪದ್ಯಮಿಶ್ರಿತವಾದ ವ್ಯವಹಾರಗಣಿತದ ಕ್ರಮವೂ ಇಂಥದೇ. ಸೂತ್ರವು ನೆನಪಿಗೆ, ಟೀಕೆಯು ತಿಳಿವಿಗೆ, ಉದಾಹರಣೆಯು ಕೈಗೆ. ಈ ಮೂರರಲ್ಲಿ ಒಂದನ್ನು ಬಿಟ್ಟರೂ ಸ್ವಂತವಾಗಿ ಓದಿ ಕಲಿಯುವವನಿಗೆ ತೊಡಕಾಗುತ್ತದೆ.

ವ್ಯವಹಾರಗಣಿತದ ಮುಖ್ಯ ವಸ್ತುಗಳಲ್ಲಿ ರಾಶಿಗಣಿತವೂ ಒಂದು. ಸಹಜತ್ರೈರಾಶಿಕ, ವ್ಯಸ್ತತ್ರೈರಾಶಿಕಗಳಿಂದ ತೊಡಗಿ ಪಂಚರಾಶಿಕ, ಸಪ್ತರಾಶಿಕ, ನವರಾಶಿಕಗಳವರೆಗೆ, ಪ್ರತಿಯೊಂದರಲ್ಲೂ ಸಹಜ ಮತ್ತು ವ್ಯಸ್ತ ಎಂಬ ಭೇದಗಳೊಡನೆ, ಅದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಈ ಏರಿಕೆಯ ತರ್ಕವನ್ನು ಸರಳ ನಿದರ್ಶನಗಳಿಂದ ತಿಳಿಯಬಹುದು. ಐದು ಕೊಳಗ ಜೋಳಕ್ಕೆ ಎರಡು ಪಣವಾದರೆ ಇಪ್ಪತ್ತು ಕೊಳಗಕ್ಕೆ ಎಂಟು ಪಣ. ಒಂದು ಹೆಚ್ಚಿದಂತೆ ಇನ್ನೊಂದೂ ಹೆಚ್ಚುವ ಇದು ಸಹಜ. ಹನ್ನೆರಡು ಆಳುಗಳು ಹತ್ತು ದಿನದಲ್ಲಿ ತೋಡುವ ಬಾವಿಯನ್ನು ಹದಿನೈದು ಆಳುಗಳು ಎಂಟು ದಿನದಲ್ಲಿ ತೋಡುತ್ತಾರೆ. ಒಂದು ಹೆಚ್ಚಿದಂತೆ ಇನ್ನೊಂದು ಕುಗ್ಗುವ ಇದು ವ್ಯಸ್ತ. ಇಂದಿನ ಶಾಲಾಪಠ್ಯಗಳಲ್ಲಿ ಇವೇ ನೇರ ಅನುಪಾತ, ವಿಲೋಮ ಅನುಪಾತಗಳಾಗಿವೆ.

ಬಡ್ಡಿಯ ಲೆಕ್ಕದಲ್ಲಿ ಅಸಲಿನ ಜೊತೆಗೆ ಕಾಲವೂ ಸೇರುತ್ತದೆ. ನೂರು ಗದ್ಯಾಣಕ್ಕೆ ತಿಂಗಳಿಗೆ ಎರಡು ಗದ್ಯಾಣ ಬಡ್ಡಿಯಾದರೆ ಅರವತ್ತು ಗದ್ಯಾಣಕ್ಕೆ ಐದು ತಿಂಗಳಿಗೆ ಆರು ಗದ್ಯಾಣ. ತಿಳಿದ ರಾಶಿಗಳು ಐದಾದುದರಿಂದ ಇದು ಪಂಚರಾಶಿಕ. ಬಟ್ಟೆಯ ಬೆಲೆಗೆ ಉದ್ದ, ಅಗಲ, ಎಣಿಕೆ ಮೂರೂ ಕಾರಣವಾಗುವಲ್ಲಿ ಸಪ್ತರಾಶಿಕ. ಮರದ ಹಲಗೆಗೆ ದಪ್ಪವೂ ಸೇರಿದಾಗ ನವರಾಶಿಕ. ಹಲವು ಕಾರಣಗಳ ಕೂಡುಫಲವಾಗಿ ಒಂದು ಪರಿಮಾಣ ಬದಲಾಗುತ್ತದೆ ಎಂಬ ಈ ತಿಳಿವಳಿಕೆಯನ್ನು ಆಧುನಿಕ ಗಣಿತವು ಹಲವು ಚರಗಳ ಫಲನವೆಂಬ ವಿಶಾಲ ಕಲ್ಪನೆಯಾಗಿ ಬೆಳೆಸಿದೆ. ರಾಜಾದಿತ್ಯನಲ್ಲಿ ಆ ಕಲ್ಪನೆ ಇತ್ತೆಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ಅದರ ಅತ್ಯಂತ ಸರಳ ರೂಪವನ್ನು ಕಲಿಯುವವನ ಅಳವಿಗೆ ತಕ್ಕ ಕ್ರಮದಲ್ಲಿ ಆತ ಜೋಡಿಸಿದನೆಂಬುದು ನಿರ್ವಿವಾದ.

ಈ ಲೆಕ್ಕದ ಹಿಂದೆ ಒಂದು ಲೋಕವಿದೆ. ಅಂದಿನ ಶಾಸನಗಳನ್ನು ನೋಡಿದರೆ ಗದ್ಯಾಣ, ಪಣ, ಹಾಗ, ವೀಸಗಳೆಂಬ ನಾಣ್ಯಗಳೂ, ಖಂಡುಗ, ಕೊಳಗ, ಮಾನ, ಸೊಲಗೆಗಳೆಂಬ ಅಳತೆಗಳೂ, ಮತ್ತರು, ಕಮ್ಮಗಳೆಂಬ ಭೂಮಾನಗಳೂ ಹೆಜ್ಜೆಹೆಜ್ಜೆಗೆ ಎದುರಾಗುತ್ತವೆ. ಭೂಮಿಯನ್ನು ಅಳೆಯುವ ಕೋಲೂ ಎಲ್ಲೆಡೆ ಒಂದೇ ಆಗಿರಲಿಲ್ಲ. ಆದ್ದರಿಂದಲೇ ಯಾವ ಕೋಲಿನಿಂದ ಅಳೆದುದೆಂದು ಶಾಸನಗಳು ಹೆಸರಿಸುತ್ತವೆ. ಊರೂರಿಗೆ ಅಳತೆ ಬೇರೆಯಾಗಿದ್ದ ಇಂಥ ವ್ಯವಸ್ಥೆಯಲ್ಲಿ ಒಂದು ಮಾನದಿಂದ ಇನ್ನೊಂದಕ್ಕೆ ಹೋಗುವ ತ್ರೈರಾಶಿಕವನ್ನು ಅರಿಯದವನು ಕರಣಿಕನ, ಸೇನಬೋವನ, ಬಡ್ಡಿವ್ಯಾಪಾರಿಯ ಮಾತನ್ನು ನಂಬಿ ನಡೆಯಬೇಕಾಗಿತ್ತು.

೫. ಕ್ಷೇತ್ರಗಣಿತದ ಮಹತ್ವ

ಈ ಮಾತು ಹೊಲದ ಅಳತೆಯಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ರಾಜಾದಿತ್ಯನ ಹಿಂದಿದ್ದ ಜೈನ ಗಣಿತ ಪರಂಪರೆಯಲ್ಲಿ ಕ್ಷೇತ್ರಫಲಕ್ಕೆ ಎರಡು ಬಗೆ: ಸ್ಥೂಲವಾದ ವ್ಯಾವಹಾರಿಕ ಫಲ ಹಾಗೂ ಸೂಕ್ಷ್ಮ ಫಲ. ವೃತ್ತದ ಪರಿಧಿಯನ್ನು ಪಡೆಯಲು ವ್ಯಾಸವನ್ನು ಸ್ಥೂಲದಲ್ಲಿ ಮೂರರಿಂದ, ಸೂಕ್ಷ್ಮದಲ್ಲಿ ಹತ್ತರ ವರ್ಗಮೂಲದಿಂದ ಗುಣಿಸಬೇಕೆಂದು ಮಹಾವೀರ ಹೇಳುತ್ತಾನೆ. ಹತ್ತು ಕೋಲು ವ್ಯಾಸದ ಕಣಕ್ಕೆ ಮೊದಲನೆಯದರಿಂದ ಮೂವತ್ತು, ಎರಡನೆಯದರಿಂದ ಸುಮಾರು ೩೧.೬ ಕೋಲು ಪರಿಧಿ ದೊರೆಯುತ್ತದೆ. ಇಂದಿನ ಬೆಲೆ ಸುಮಾರು ೩೧.೪.

ನಾಲ್ಕು ಬದಿಯ ಹೊಲದ ಸ್ಥೂಲ ಫಲಕ್ಕೆ ಎದುರುಬದುರಿನ ಬದಿಗಳನ್ನು ಕೂಡಿ ಅರ್ಧಿಸಿ, ಬಂದ ಎರಡು ಮೊತ್ತಗಳನ್ನು ಗುಣಿಸುವುದು ವಾಡಿಕೆ. ಒಂದಕ್ಕೊಂದು ಸಮಾಂತರವಾದ ಎರಡು ಬದಿಗಳು ೧೦ ಮತ್ತು ೫೦ ಕೋಲು, ಉಳಿದೆರಡು ತಲಾ ೪೦ ಕೋಲು ಇರುವ ಹೊಲವನ್ನು ತೆಗೆದುಕೊಂಡರೆ ಸ್ಥೂಲಫಲ ೩೦ ಮತ್ತು ೪೦ರ ಗುಣಲಬ್ಧ, ಎಂದರೆ ೧೨೦೦ ಚದರ ಕೋಲು. ಬ್ರಹ್ಮಗುಪ್ತನು ೬೨೮ರಲ್ಲಿ ಹೇಳಿದ, ಮಹಾವೀರನೂ ಅನುಸರಿಸಿದ ಸೂಕ್ಷ್ಮ ವಿಧಾನದಿಂದ ಅದೇ ಹೊಲ ಸುಮಾರು ೧೦೩೯ ಚದರ ಕೋಲು ಮಾತ್ರ. ಇಲ್ಲದ ೧೬೧ ಚದರ ಕೋಲುಗಳು ಲೆಕ್ಕದಲ್ಲಿ ಹುಟ್ಟಿಕೊಂಡಿವೆ. ಆಯತಾಕಾರದ ಹೊಲದಲ್ಲಿ ಎರಡೂ ಫಲಗಳು ಒಂದೇ. ಉಳಿದ ಎಲ್ಲ ಆಕಾರಗಳಲ್ಲಿಯೂ ಸ್ಥೂಲವಿಧಾನ ಹೊಲವನ್ನು ಇರುವುದಕ್ಕಿಂತ ದೊಡ್ಡದಾಗಿಯೇ ತೋರಿಸುತ್ತದೆ, ಎಂದೂ ಚಿಕ್ಕದಾಗಿ ತೋರಿಸದು. ವಿಸ್ತೀರ್ಣದ ಮೇಲೆ ತೆರಿಗೆ ನಿಗದಿಯಾಗುವಲ್ಲಿ ಈ ತಪ್ಪಿನ ಹೊರೆ ಯಾವಾಗಲೂ ಒಕ್ಕಲಿಗನ ಮೇಲೆಯೇ ಬೀಳುತ್ತದೆ. ಕೊಳ್ಳುವವನಿಗೂ ಅದರಿಂದ ನಷ್ಟವೇ. ಸ್ಥೂಲ ಸೂಕ್ಷ್ಮಗಳ ಭೇದ ಸಂಸ್ಕೃತಜ್ಞರ ಸೊತ್ತಾಗಿ ಉಳಿಯುವುದಕ್ಕೂ ಹೊಲದವನ ಭಾಷೆಗೆ ಬರುವುದಕ್ಕೂ ಇರುವ ಅಂತರ ಇಂಥ ಹೊಲಗಳ ಬದುವಿನ ಮೇಲೆ ನಿಂತು ನೋಡಿದಾಗ ತಿಳಿಯುತ್ತದೆ. ಕೃಷ್ಣೆಯ ಬಯಲಿನ ಕೃಷಿಪ್ರಧಾನ ನಾಡಿನವನಾದ ರಾಜಾದಿತ್ಯನು ಕ್ಷೇತ್ರಗಣಿತಕ್ಕಾಗಿಯೇ ಕನ್ನಡದಲ್ಲಿ ಪ್ರತ್ಯೇಕ ಗ್ರಂಥ ರಚಿಸಿದ್ದನ್ನು ಈ ಹಿನ್ನೆಲೆಯಲ್ಲಿ ಪರಿಭಾವಿಸಬೇಕು.

೬. ಭಾಷೆ

ರಾಜಾದಿತ್ಯನ ಎದುರಿಗಿದ್ದ ದೊಡ್ಡ ತೊಡಕು ಪರಿಭಾಷೆಯದು. ತ್ರೈರಾಶಿಕ, ವ್ಯಸ್ತ, ಕ್ಷೇತ್ರ ಮೊದಲಾದ ಸಂಸ್ಕೃತ ಸಂಜ್ಞೆಗಳನ್ನು ಆತ ಹಾಗೆಯೇ ಉಳಿಸಿಕೊಂಡಿದ್ದಾನೆ. ಗುರುಮುಖದಿಂದ ಮುಂದೆ ಹೆಚ್ಚಿನದನ್ನು ಕಲಿಯುವವನಿಗೆ ಅವು ಅಗತ್ಯ. ಅವುಗಳ ಅರ್ಥವನ್ನು ಬಿಡಿಸುವಾಗ ಮಾತ್ರ ಕನ್ನಡದ ಕ್ರಿಯಾಪದಗಳು ಕೆಲಸ ಮಾಡುತ್ತವೆ. ಕೂಡು, ಕಳೆ ಎಂಬ ಧಾತುಗಳು ಲೆಕ್ಕಕ್ಕೆಂದು ಹೊಸದಾಗಿ ಹುಟ್ಟಿದವಲ್ಲ, ದಿನಬಳಕೆಯಿಂದ ಬಂದವು. ಚಿತ್ರಹಸುಗೆ ಎಂಬ ಕೃತಿನಾಮದ ಹಸುಗೆಯೂ ಅಂಥ ಅಚ್ಚಗನ್ನಡ ಶಬ್ದ. ಹಂಚು, ಪಾಲುಮಾಡು ಎಂಬ ಅರ್ಥದ ಪಸು ಧಾತು ಅದರ ಮೂಲ. ಕಾಲು, ಅರೆ, ಮುಕ್ಕಾಲು, ವೀಸ ಎಂಬ ಭಿನ್ನರಾಶಿವಾಚಕಗಳು ಕನ್ನಡಿಗರ ಬಾಯಲ್ಲಿ ಇದ್ದೇ ಇದ್ದವು. ಸಂಜ್ಞೆಯನ್ನು ಸಂಸ್ಕೃತದಿಂದಲೂ ವಿವರಣೆಯನ್ನು ದೇಶಿಯಿಂದಲೂ ಪಡೆಯುವ ಈ ವಿವೇಕ ಇಂದಿನ ವಿಜ್ಞಾನ ಬರಹಗಾರರಿಗೂ ಮಾದರಿಯಾಗಬಲ್ಲದು. ಪಾರಿಭಾಷಿಕ ಶಬ್ದ ಕಠಿಣವೆಂಬ ಕಾರಣಕ್ಕೆ ಕನ್ನಡದಲ್ಲಿ ಗಣಿತ ಅಸಾಧ್ಯವೆನ್ನುವ ವಾದಕ್ಕೆ ಎಂಟುನೂರು ವರ್ಷಗಳಿಗೂ ಹಿಂದಿನ ಉತ್ತರ ಇಲ್ಲಿದೆ.

೭. ಕೃತಿಗಳ ಮುಂದಿನ ಬದುಕು

ರಾಜಾದಿತ್ಯನ ಕೃತಿಗಳು ಶತಮಾನಗಳ ಕಾಲ ಓಲೆಗರಿಗಳಲ್ಲಿ ಉಳಿದವು. ಆತನ ಹೆಸರು ಆಧುನಿಕ ವಿದ್ವಲ್ಲೋಕದಲ್ಲಿ ನೆಲೆಗೊಂಡುದು ೧೯೦೭ರಲ್ಲಿ ಮೊದಲ ಸಂಪುಟ ಕಂಡ ಕರ್ಣಾಟಕ ಕವಿಚರಿತೆಯಿಂದ. ಆತನ ಹಿಂದಿನ ಪರಂಪರೆಯ ಮುಖ್ಯ ಆಕರವಾದ ಗಣಿತಸಾರಸಂಗ್ರಹವು ಎಂ. ರಂಗಾಚಾರ್ಯರ ಸಂಪಾದಕತ್ವದಲ್ಲಿ ಇಂಗ್ಲಿಷ್ ಅನುವಾದದೊಡನೆ ೧೯೧೨ರಲ್ಲಿ ಮದರಾಸಿನಲ್ಲಿ ಪ್ರಕಟವಾಯಿತು. ವ್ಯವಹಾರಗಣಿತವೂ ಬಳಿಕ ಅಚ್ಚಾಗಿ ಅಧ್ಯಯನಕ್ಕೆ ದೊರೆತಿದೆ. ಆದರೂ ರಾಜಾದಿತ್ಯನು ಎರಡು ವಿಭಾಗಗಳ ನಡುವಿನ ಗಡಿಯಲ್ಲಿಯೇ ನಿಂತಿದ್ದಾನೆ. ಗಣಿತದ ಇತಿಹಾಸಕಾರರಿಗೆ ಹಳಗನ್ನಡ ದೂರ. ಹಳಗನ್ನಡದ ಅಧ್ಯಾಪಕರಿಗೆ ಗಣಿತ ದೂರ. ಪಾಠವನ್ನು ಬಲ್ಲವನು ಲೆಕ್ಕವನ್ನು ಮಾಡಿ ನೋಡದೆ, ಲೆಕ್ಕವನ್ನು ಬಲ್ಲವನು ಪಾಠವನ್ನು ಪರಿಶೀಲಿಸದೆ ಇಂಥ ಗ್ರಂಥದ ಸಂಪಾದನೆ ಪೂರ್ಣವಾಗದು. ಒಂದು ಅಂಕಿ ತಪ್ಪಿದ ಓಲೆಯ ಪಾಠವನ್ನು ಛಂದಸ್ಸು ಕೆಲವೊಮ್ಮೆ ತೋರಿಸಿಕೊಡುತ್ತದೆ. ಉತ್ತರ ಹೊಂದುವುದೋ ಇಲ್ಲವೋ ಎಂಬ ಪರೀಕ್ಷೆ ಅದಕ್ಕಿಂತಲೂ ಖಚಿತ. ಕಾವ್ಯಸಂಪಾದನೆಗೆ ಇಲ್ಲದ ಈ ಸೌಲಭ್ಯ ಗಣಿತಗ್ರಂಥಗಳ ಸಂಪಾದನೆಗಿದೆ. ಕನ್ನಡ ಮತ್ತು ಗಣಿತ ವಿಭಾಗಗಳು ಕೂಡಿ ಮಾಡಬೇಕಾದ ಕೆಲಸವಿದು.

ಒಟ್ಟಿನಲ್ಲಿ ರಾಜಾದಿತ್ಯನ ಬದುಕಿನ ಹೊರವಿವರಗಳು ಕೆಲವೇ: ಒಂದು ಊರು, ಒಂದು ಮನೆತನ, ಒಬ್ಬ ಗುರು, ಒಬ್ಬ ಅರಸ, ಮೂರು ಬಿರುದುಗಳು. ಆತನ ಕಾಲ ೧೧೨೦ರ ಸುಮಾರೋ ೧೧೯೦ರ ಸುಮಾರೋ ಎಂಬುದು ಹೊಸ ಆಧಾರಗಳು ದೊರೆತಾಗ ನಿರ್ಣಯವಾಗಬೇಕಾದ ವಿಷಯ. ಆತ ಗಣಿತದಲ್ಲಿ ಹೊಸ ಪ್ರಮೇಯಗಳನ್ನು ಕಂಡುಹಿಡಿದನೇ ಎಂಬ ಪ್ರಶ್ನೆಯಿಂದಲೇ ಆತನನ್ನು ಅಳೆಯುವುದು ಯುಕ್ತವಲ್ಲ. ಸಂಸ್ಕೃತದಲ್ಲಿ ಒಟ್ಟಾಗಿದ್ದ ವಿದ್ಯೆಯನ್ನು ಶಾಖೆಶಾಖೆಯಾಗಿ ವಿಂಗಡಿಸಿ, ಸೂತ್ರ, ಟೀಕೆ, ಉದಾಹರಣೆಗಳ ಮೂಲಕ ಕನ್ನಡದ ಓದುಗನ ಅಳವಿಗೆ ತಂದುದು ಆತನ ಸಾಧನೆ. ಅಂಗಡಿ, ಸಾಲ, ಹೊಲಗಳ ಲೆಕ್ಕವನ್ನು ಇನ್ನೊಬ್ಬರ ಮಾತಿನ ಮೇಲೆ ಒಪ್ಪಿಕೊಳ್ಳದೆ ತಾನೇ ಮಾಡಿ ನೋಡುವ ಶಕ್ತಿಯನ್ನು ಕನ್ನಡಿಗನಿಗೆ ಕನ್ನಡದಲ್ಲಿಯೇ ಒದಗಿಸಿದವರಲ್ಲಿ ಪೂವಿನಬಾಗೆಯ ಈ ಗಣಿತವಿಲಾಸನೇ ಮೊದಲಿಗನಾಗಿ ಕಾಣುತ್ತಾನೆ.